ಬೈತಕೋಲದ ಆಳ ಅಳೆದ ಲೆಫ್ಟಿನೆಂಟ್

1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರಿನಿಂದ ಹೊರಟ ಹದಿನಾಲ್ಕು ಡಬ್ಬಿಗಳ ರೈಲು 21 ಮೈಲಿ ಓಡಿ ಥಾಣೆಯಲ್ಲಿ ನಿಂತಿತು. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು. ಮರುವರ್ಷ ಮೇ 1ರಂದು ಹಳಿ ಥಾಣೆಯ ಖಾಡಿ ದಾಟಿ ಕಲ್ಯಾಣ್ ಮುಟ್ಟಿತು. ಥಾಣೆ, ಡೊಂಬಿವಲಿ ಕಡೆ ಬೆಳೆದ ಶಾಲೆಯ ಮಕ್ಕಳಿಗೂ ಈ ಕಥೆ ಬಾಯಿಪಾಠ. ಅದೇ ದಶಕದಲ್ಲಿ ದಕ್ಷಿಣದ ಕಾಳಿ ನದಿಯ ಅಳಿವೆಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಇಂಗ್ಲಿಷ್ ಲೆಫ್ಟಿನೆಂಟ್ ದೋಣಿಯಲ್ಲಿ ಕುಳಿತು ನೀರಿನ ಆಳ ಅಳೆಯುತ್ತಿದ್ದದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವನ ಹೆಸರು ಆಲ್ಫ್ರೆಡ್ ಡಂಡಾಸ್ ಟೇಲರ್. ಹುಟ್ಟಿದ್ದು 1825ರಲ್ಲಿ, ತೀರಿಕೊಂಡದ್ದು 1898ರಲ್ಲಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಬಹುಪಾಲು ಅವನ ಆಯುಷ್ಯದೊಳಗೇ ಬಂತು.

ಟೇಲರ್ ರಾಯಲ್ ನೇವಿಯವನಲ್ಲ. ಅವನು ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ನೌಕಾಪಡೆಗೆ. ಹಿಂದೆ ಅದು ಬಾಂಬೆ ಮರೀನ್, 1830ರಿಂದ ಇಂಡಿಯನ್ ನೇವಿ. ಕಡಲ್ಗಳ್ಳರನ್ನು ಅಟ್ಟುವುದು, ಟಪಾಲು ಒಯ್ಯುವುದು, ಮರಾಠರ ಮೇಲೆ ಯುದ್ಧಕ್ಕೆ ಹೋಗುವುದು, ಹೀಗೆ ಸಿಕ್ಕ ಕೆಲಸವನ್ನೆಲ್ಲ ಮಾಡುತ್ತ ಬಂದ ಪಡೆ ಅದು. 1774ರ ಡಿಸೆಂಬರಿನಲ್ಲಿ ಥಾಣೆಯ ಕೋಟೆಗೆ ಕಂಪನಿಯವರು ಮುತ್ತಿಗೆ ಹಾಕಿದಾಗ ಪ್ರಾಣ ತೆತ್ತ ಕೊಮೊಡೋರ್ ಜಾನ್ ವಾಟ್ಸನ್ ಇದೇ ಪಡೆಯವನು. ಅವರು ಗೆದ್ದ ಆ ಕೋಟೆ ಈಗ ಥಾಣೆಯ ಸೆಂಟ್ರಲ್ ಜೈಲು.

ಈ ಪಡೆ ನಿಜವಾಗಿ ಹೆಸರು ಮಾಡಿದ್ದು ತುಪಾಕಿಯಿಂದಲ್ಲ, ನಕ್ಷೆಯಿಂದ. ಕೆಂಪು ಸಮುದ್ರ, ಪರ್ಷಿಯಾ ಕೊಲ್ಲಿ, ಅರಬ್ ಕರಾವಳಿಗಳನ್ನು ಮೊದಲು ಒಪ್ಪವಾಗಿ ಅಳೆದು ಕಾಗದಕ್ಕಿಳಿಸಿದವರು ಮುಂಬಯಿಯಿಂದ ಹೊರಟ ಈ ಲೆಫ್ಟಿನೆಂಟ್‌ಗಳು, ಕ್ಯಾಪ್ಟನ್‌ಗಳು. ಪ್ರತಿಫಲದ ಮಾತು ಬೇರೆ. ಅರಬ್ ತೀರವನ್ನು ಅಳೆದು, 1839ರಲ್ಲಿ ಏಡನ್ ಹಿಡಿದು, ಹದಿನೈದು ವರ್ಷ ಅದನ್ನು ಆಳಿದ ಕ್ಯಾಪ್ಟನ್ ಸ್ಟಾಫರ್ಡ್ ಹೇನ್ಸ್‌ನನ್ನು ಲೆಕ್ಕಪತ್ರ ಸರಿಹೊಂದಲಿಲ್ಲವೆಂದು ಮುಂಬಯಿಗೆ ಕರೆಸಿದರು. ಕೋರ್ಟು ನಿರ್ದೋಷಿ ಎಂದರೂ ಕಂಪನಿ ಸಾಲಗಾರನೆಂದು ಜೈಲಿಗೆ ಹಾಕಿತು. 1860ರಲ್ಲಿ ಬಿಡುಗಡೆಯಾಗಿ ಊರಿಗೆ ಹೊರಡುವ ಹಡಗು ಹತ್ತಿದವನು ಮುಂಬಯಿ ಬಂದರು ದಾಟುವ ಮೊದಲೇ ತೀರಿಕೊಂಡ. ಟೇಲರ್‌ನ ಬದುಕಿನಲ್ಲಿ ಇಂಥ ನಾಟಕವಿಲ್ಲ. ಅವನದು ಕಡಲಿನ ಶಾನುಭೋಗನ ಬದುಕು.

ಆ ಶಾನುಭೋಗಿಕೆ ಹೇಗೆ ನಡೆಯುತ್ತಿತ್ತು ಎಂದು ನೋಡಬೇಕು. ಹುರಿ ಹಗ್ಗದ ತುದಿಗೆ ಒಂದು ಸೀಸದ ಗುಂಡು. ಗುಂಡಿನ ತಳದಲ್ಲಿ ಚಿಕ್ಕ ಕುಳಿ, ಅದರೊಳಗೆ ಮೆತ್ತಿದ ಚರಬಿ. ದೋಣಿಯನ್ನು ನೇರ ಗೆರೆಯಲ್ಲಿ ಹುಟ್ಟು ಹಾಕುತ್ತ ಹೋಗಬೇಕು. ಮುಂಭಾಗದಲ್ಲಿ ನಿಂತ ಖಲಾಸಿ ಗುಂಡು ಎಸೆದು, ಹಗ್ಗಕ್ಕೆ ಕಟ್ಟಿದ ಗುರುತು ನೋಡಿ ಎಷ್ಟು ಮಾರು ಎಂದು ಕೂಗುತ್ತಾನೆ. ಗುಂಡು ಮೇಲೆ ಬಂದಾಗ ಚರಬಿಗೆ ಅಂಟಿದ್ದು ಮರಳೋ, ಕೆಸರೋ, ಕಪ್ಪೆಚಿಪ್ಪಿನ ಚೂರೋ ನೋಡಿ ಅದನ್ನೂ ಬರೆದುಕೊಳ್ಳಬೇಕು. ಮರಳಾದರೆ ಲಂಗರು ಜಾರಬಹುದು, ಕೆಸರಾದರೆ ಹಿಡಿಯುತ್ತದೆ, ಏನೂ ಅಂಟದಿದ್ದರೆ ಕೆಳಗೆ ಬಂಡೆ. ಅದೇ ಕ್ಷಣ ಅಧಿಕಾರಿ ಸೆಕ್ಸ್‌ಟಂಟ್ ಹಿಡಿದು ದಡದ ಮೇಲಿನ ಗುರುತುಗಳ ನಡುವಿನ ಕೋನ ಅಳೆಯುತ್ತಾನೆ: ಒಂದು ಗುಡ್ಡದ ನೆತ್ತಿ, ಒಂದು ಕೋಟೆಯ ಬುರುಜು, ಸುಣ್ಣ ಬಳಿದ ಒಂದು ಬಂಡೆ. ದೋಣಿ ಆಗ ಎಲ್ಲಿತ್ತು ಎಂಬುದು ಆ ಕೋನಗಳಿಂದಲೇ ತಿಳಿಯಬೇಕು. ದಡದಲ್ಲಿ ಇನ್ನೊಬ್ಬ ನೆಟ್ಟ ಕಂಬದ ಮೇಲೆ ಉಬ್ಬರ ಇಳಿತದ ಲೆಕ್ಕ ಹಿಡಿದಿರುತ್ತಾನೆ. ಬೆಳಿಗ್ಗೆಯ ಆಳ, ಮಧ್ಯಾಹ್ನದ ಆಳ ಎಲ್ಲವನ್ನೂ ಇಳಿತದ ಮಟ್ಟಕ್ಕೆ ತಗ್ಗಿಸಿ ಬರೆಯಬೇಕು. ಮಳೆಗಾಲ ಬಂತೆಂದರೆ ದೋಣಿ ದಡಕ್ಕೆ, ಅಧಿಕಾರಿ ಮೇಜಿಗೆ. ಹೀಗೆ ಸಾವಿರಾರು ಸಲ ಗುಂಡು ಎಸೆದ ಮೇಲೆ ಒಂದು ನಕ್ಷೆ.

1850ರ ದಶಕದಲ್ಲಿ ಟೇಲರ್ ಪಶ್ಚಿಮ ಕರಾವಳಿಯನ್ನು ಹೀಗೆ ಅಳೆದ. ಆಗಿನ ನಾವಿಕರ ತಲೆನೋವು ಒಂದೇ. ಮುಂಬಯಿ ಬಿಟ್ಟರೆ ಕೊಚ್ಚಿಯವರೆಗೆ ನೈಋತ್ಯ ಮಾರುತದ ಹೊತ್ತಿನಲ್ಲಿ ದೊಡ್ಡ ಹಡಗು ತಲೆಮರೆಸಿಕೊಳ್ಳಲು ಜಾಗವಿಲ್ಲ. ಗೋವೆಯ ಮುರ್ಮಗೋವಾ ಇದೆ, ಅದು ಪೋರ್ತುಗೀಸರದು. ಹೊನ್ನಾವರ, ಕುಮಟಾ, ಮಂಗಳೂರುಗಳಲ್ಲಿ ಅಳಿವೆಗೆ ಅಡ್ಡ ಮರಳಿನ ದಿಬ್ಬ, ಇಲ್ಲವೆ ಬಯಲು ಸಮುದ್ರ. ಕಾಳಿ ನದಿಯ ಬಾಯಿ ಇದಕ್ಕೆ ಹೊರತು. ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡ, ದಕ್ಷಿಣಕ್ಕೆ ಕಡಲಿಗೆ ಚಾಚಿದ ಕಾರವಾರದ ಭೂಶಿರ. ಅದರ ಮರೆಯಲ್ಲಿ ಬೈತಕೋಲದ ಪುಟ್ಟ ಕೊಲ್ಲಿ. ಮುಂದೆ ಕೂರ್ಮಗಡ, ದೇವಗಡ ನಡುಗಡ್ಡೆಗಳ ಕಾವಲು. ದೇವಗಡವನ್ನು ಇಂಗ್ಲಿಷರು ಆಯ್‌ಸ್ಟರ್ ರಾಕ್ ಎಂದರು. ನೈಋತ್ಯದ ಗಾಳಿಗೆ ಭೂಶಿರವೇ ಗೋಡೆ. ಟೇಲರ್‌ನ ಅಳತೆ ಹೇಳಿದ್ದು ಇಷ್ಟು: ಇಲ್ಲಿ ಆಳವಿದೆ, ಆಸರೆಯಿದೆ, ಒಂದಿಷ್ಟು ಕಟ್ಟಿದರೆ ವರ್ಷಪೂರ್ತಿ ಬಂದರಾಗುತ್ತದೆ.

ಈ ಮಾತಿಗೆ ಕಿವಿಗೊಟ್ಟವರು ಮುಂಬಯಿಯ ವರ್ತಕರಲ್ಲ, ಕಲ್ಕತ್ತೆಯ ಸರ್ಕಾರವೂ ಅಲ್ಲ. ದೂರದ ಮ್ಯಾಂಚೆಸ್ಟರಿನ ಗಿರಣಿ ಧಣಿಗಳು.

ಅವರಿಗೆ ಬೇಕಾದದ್ದು ಧಾರವಾಡ ಸೀಮೆಯ ಹತ್ತಿ. 1840ರ ದಶಕದಿಂದ ಆ ಕಡೆ ಅಮೆರಿಕದ ಬೀಜ ಬಿತ್ತಿಸಿದ್ದರು; ಉಳಿದ ಕಡೆ ಕೈಕೊಟ್ಟ ಆ ಬೀಜ ಧಾರವಾಡ, ಗದಗಿನ ಎರೆಹೊಲದಲ್ಲಿ ನೆಲೆಗೊಂಡಿತ್ತು. ಹತ್ತಿ ಬೆಳೆದರೆ ಸಾಲದು, ಲಿವರ್‌ಪೂಲ್ ಮುಟ್ಟಬೇಕು. ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ಕುಮಟೆಗೆ, ಅಲ್ಲಿಂದ ಪತ್ತೇಮಾರಿಯಲ್ಲಿ ಮುಂಬಯಿಗೆ, ಮುಂಬಯಿಯಲ್ಲಿ ಒತ್ತಿ ಅಂಡಿಗೆ ಕಟ್ಟಿ ದೊಡ್ಡ ಹಡಗಿಗೆ. ಕುಮಟೆಯಲ್ಲಿ ಒಂದು ಕಾಳು ಹತ್ತಿ ಬೆಳೆಯುವುದಿಲ್ಲ, ಆದರೂ ಲಿವರ್‌ಪೂಲಿನ ದರಪಟ್ಟಿಯಲ್ಲಿ 'ಕುಮ್ಟಾ' ಎಂಬುದು ಒಂದು ಹತ್ತಿಯ ಜಾತಿಯಾಗಿಬಿಟ್ಟಿತ್ತು. ದಾರಿಯುದ್ದಕ್ಕೂ ಧೂಳು, ತೇವ, ಕಲಬೆರಕೆ. ಮಳೆ ಹಿಡಿಯುವ ಮೊದಲು ದಾಟದ ಮಾಲು ಮುಂದಿನ ಸುಗ್ಗಿಯವರೆಗೆ ಕೊಳೆಯಬೇಕು. ಸದಾಶಿವಗಡದಲ್ಲಿ ಬಂದರಾದರೆ ಮುಂಬಯಿಯ ಸಹವಾಸವೇ ಬೇಡ, ನೇರ ಇಂಗ್ಲೆಂಡಿಗೆ ಎಂದು ಮ್ಯಾಂಚೆಸ್ಟರಿನ ಲೆಕ್ಕ. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಮರುವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ, ಅಲ್ಲಿನ ಹತ್ತಿ ನಿಂತು, ಲಂಕಾಶೈರಿನ ಗಿರಣಿಗಳು ಉಪವಾಸ ಬಿದ್ದಾಗ ಆತುರ ಇಮ್ಮಡಿಯಾಯಿತು.

ಕಂಪನಿ ತನ್ನ ಏಜೆಂಟ್ ಜಾರ್ಜ್ ಹೇವುಡ್‌ನನ್ನು ಕಳಿಸಿತು, ಹತ್ತಿ ಒತ್ತುವ ಯಂತ್ರಗಳನ್ನೂ ಕಳಿಸಿತು. ಬಂದು ನೋಡಿದರೆ ಯಂತ್ರ ಇಳಿಸಲು ಕಟ್ಟೆಯಿಲ್ಲ, ಇಳಿಸಿದರೂ ಘಟ್ಟ ಹತ್ತಿಸಲು ರಸ್ತೆಯಿಲ್ಲ. ಮಾಡಿಕೊಡುತ್ತೇವೆಂದು ಒಪ್ಪಿದ್ದ ಮದ್ರಾಸ್ ಸರ್ಕಾರ ಕೈಹಚ್ಚಿರಲಿಲ್ಲ. ಮದ್ರಾಸಿಗೆ ತಾನೇ ಯಾಕೆ ಅವಸರ ಬಂದೀತು? ಕಾರವಾರ ಅದರ ಪ್ರಾಂತದ ಕಟ್ಟಕಡೆಯ ಮೂಲೆ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದ್ದು. ರಸ್ತೆಯ ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು. ಹೇವುಡ್‌ನ ದೂರು ಇಂಗ್ಲೆಂಡಿನಲ್ಲಿ ಗುಲ್ಲೆಬ್ಬಿಸಿತು. ಭಾರತ ಮಂತ್ರಿ ಚಾರ್ಲ್ಸ್ ವುಡ್ ಮೇಲೆ ಮ್ಯಾಂಚೆಸ್ಟರಿನ ಒತ್ತಡ ಬಿದ್ದು, ಬಹು ದಿನದಿಂದ ತೂಗಾಡುತ್ತಿದ್ದ ನಿರ್ಧಾರ ಹೊರಬಿತ್ತು: 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕುಂದಾಪುರದಿಂದ ತೆಂಕಣದ ಸೀಮೆ ಮದ್ರಾಸಿನಲ್ಲೇ ಉಳಿಯಿತು.

ನನ್ನ ಪ್ರಕಾರ ಟೇಲರ್‌ನ ನಕ್ಷೆ ಮಾಡಿದ ದೊಡ್ಡ ಕೆಲಸ ಇದೇ. ಬಂದರಿಗಾಗಿ ಗಡಿ ಸರಿಯಿತು. ಬಂದರು ಆಗಲಿಲ್ಲ, ಸರಿದ ಗಡಿ ಮಾತ್ರ 1956ರವರೆಗೆ ಅಲ್ಲೇ ನಿಂತಿತು.

ಆಗಲಿಲ್ಲ ಎಂದರೆ ಪ್ರಯತ್ನ ಪಡಲಿಲ್ಲವೆಂದಲ್ಲ. ಮುಂಬಯಿ ಸರ್ಕಾರ ಕಾರವಾರವನ್ನು ಜಿಲ್ಲೆಯ ಮುಖ್ಯ ಊರು ಮಾಡಿತು. 1864ರಲ್ಲಿ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ಎದ್ದಿತು. ಕೈಗಾ, ಅರಬೈಲು ಘಟ್ಟಗಳಲ್ಲಿ ಗಾಡಿ ರಸ್ತೆ ಕಡಿದರು. ಆ ವರ್ಷಗಳಲ್ಲಿ ಮುಂಬಯಿಗೆ ಹತ್ತಿಯ ಹಣದ ಹುಚ್ಚು ಹಿಡಿದಿತ್ತು. ಅದರ ಬಿಸಿ ಕಾರವಾರದ ನಿವೇಶನಗಳಿಗೂ ತಗುಲಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಮುಂಬಯಿಯ ಷೇರುಪೇಟೆ ಕುಸಿಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅದಕ್ಕೂ ಮೊದಲೇ ಬಾಗಿಲು ಹಾಕಿತ್ತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬರುತ್ತದೆಂಬ ಆಸೆ ಇನ್ನೂ ಕೆಲವು ವರ್ಷ ಉಸಿರಾಡಿತು, 1870ರ ದಶಕದಲ್ಲಿ ಅದನ್ನೂ ಕೈಬಿಟ್ಟರು.

ಸೋಲು ಬೈತಕೋಲದ ನೀರಿನಲ್ಲಿ ಇರಲಿಲ್ಲ. ಅದನ್ನು ಹುಡುಕಬೇಕಾದದ್ದು ಕಲ್ಯಾಣ್ ಜಂಕ್ಷನ್ನಿನಲ್ಲಿ.

ಕಲ್ಯಾಣ್ ಹಳೆಯ ಬಂದರು. ಗ್ರೀಕ್ ನಾವಿಕರ ಕಾಲದಿಂದ ಹೆಸರಿದ್ದ ಊರು. 1657ರಲ್ಲಿ ಕಲ್ಯಾಣ್, ಭಿವಂಡಿಗಳನ್ನು ಗೆದ್ದ ಶಿವಾಜಿ ತನ್ನ ಮೊದಲ ಹಡಗುಗಳನ್ನು ಕಟ್ಟಿಸಿದ್ದು ಉಲ್ಹಾಸ್ ಖಾಡಿಯ ದಂಡೆಯ ಇದೇ ಊರಿನಲ್ಲಿ; ದುರ್ಗಾಡಿ ಕೋಟೆ ಅದಕ್ಕೆ ಸಾಕ್ಷಿ. ಖಾಡಿ ಹೂಳು ತುಂಬಿತು, ಹಡಗುಗಳು ದೊಡ್ಡವಾದವು, ಬಂದರು ಮುಂಬಯಿಗೆ ಹೋಯಿತು. ಆದರೆ 1854ರಲ್ಲಿ ಬಂದ ರೈಲು ಕಲ್ಯಾಣಿಗೆ ಬೇರೆಯದೇ ಭಾಗ್ಯ ತಂದಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಇಲ್ಲಿಂದ ಹಳಿಯನ್ನು ಎರಡಾಗಿ ಒಡೆದ. ಒಂದು ಕವಲು ಕಸಾರಾ ಕಡೆಗೆ, ಒಂದು ಕರ್ಜತ್ ಕಡೆಗೆ. ಭೋರ್ ಘಾಟ್ 1863ರಲ್ಲಿ ತೆರೆಯಿತು, ಥಳ್ ಘಾಟ್ 1865ರಲ್ಲಿ. ಸುರಂಗ ಕೊರೆಯುವಾಗ ಕಾಲರಾ, ಜ್ವರ, ಸಿಡಿಮದ್ದುಗಳಿಗೆ ಸತ್ತ ಕೂಲಿಗಳ ಸಂಖ್ಯೆ ಸಾವಿರಗಳಲ್ಲಿದೆ. ಬರ್ಕ್ಲಿ ಕೂಡ ಕೆಲಸ ಮುಗಿಯುವುದನ್ನು ನೋಡದೆ 1862ರಲ್ಲಿ ತೀರಿಕೊಂಡ. ಆ ಎರಡು ಘಟ್ಟಗಳು ತೆರೆದ ದಿನವೇ ಪಶ್ಚಿಮ ಕರಾವಳಿಯ ಉಳಿದ ಬಂದರುಗಳ ಹಣೆಬರಹ ಬರೆದಾಯಿತು. ವಿದರ್ಭದ ಹತ್ತಿ, ಖಾನದೇಶದ ಹತ್ತಿ, ಸೊಲ್ಲಾಪುರದ ಹತ್ತಿ ಎಲ್ಲವೂ ಕಲ್ಯಾಣಿನಲ್ಲಿ ಕೂಡಿ, ಥಾಣೆಯ ಖಾಡಿ ದಾಟಿ ಮುಂಬಯಿಯ ಹಡಗುಕಟ್ಟೆಗೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗವನ್ನು ಸೊಲ್ಲಾಪುರದ ಬಳಿಯ ಹೊಟಗಿಗೆ ಜೋಡಿಸಿದ ಮೇಲೆ ಗದಗಿನ ಹತ್ತಿಗೂ ಈ ದಾರಿ ಸಿಕ್ಕಿತು. ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಸಮುದ್ರ ನೂರು ಮೈಲಿಯಷ್ಟು ದೂರ. ಅಲ್ಲಿನ ಮಾಲು ಪೂರ್ವಕ್ಕೆ, ಉತ್ತರಕ್ಕೆ ಬಳಸಿ ಬಳಸಿ ಅರಬ್ಬಿ ಸಮುದ್ರ ಸೇರುವುದು ಅಗ್ಗವಾಯಿತು. ಉಳಿದಿದ್ದ ಹತ್ತಿರದ ದಾರಿಯೂ ಕಾರವಾರದ ಪಾಲಾಗಲಿಲ್ಲ. 1878ರ ಒಪ್ಪಂದದಂತೆ ಇಂಗ್ಲಿಷರೂ ಪೋರ್ತುಗೀಸರೂ ಕೂಡಿ ಮುರ್ಮಗೋವಾದಿಂದ ಕ್ಯಾಸಲ್‌ರಾಕ್‌ಗೆ ಹಳಿ ಹಾಕಿದರು, 1888ರಲ್ಲಿ ರೈಲು ಓಡಿತು. ಟೇಲರ್ ಯಾವ ಪೋರ್ತುಗೀಸ್ ಬಂದರಿಗೆ ಬದಲಿ ಹುಡುಕಿ ಬೈತಕೋಲ ತೋರಿಸಿದ್ದನೋ ಅದೇ ಬಂದರು ಗೆದ್ದಿತು.

ಅಷ್ಟರಲ್ಲಿ ಟೇಲರ್‌ನ ಪಡೆಯೇ ಇಲ್ಲವಾಗಿತ್ತು. 1857ರ ದಂಗೆಯ ಬಳಿಕ ಕಂಪನಿ ಹೋಯಿತು, ಅದರ ನೌಕಾಪಡೆಗೆ ಖರ್ಚು ಯಾಕೆಂದು ಲಂಡನ್ ಕೇಳಿತು. 1863ರ ಏಪ್ರಿಲ್ 30ರಂದು ಇಂಡಿಯನ್ ನೇವಿ ಬಾವುಟ ಇಳಿಸಿತು. ಅಧಿಕಾರಿಗಳಿಗೆ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು. ಕಡಲಿನ ಸರ್ವೆ ನಿಂತುಹೋಯಿತು. ಇದು ಎಂಥ ಮೂರ್ಖತನವೆಂದರೆ, 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಆವಿಹಡಗುಗಳು ಭಾರತದತ್ತ ಸಾಲುಗಟ್ಟಿದಾಗ ಅವುಗಳ ಕೈಯಲ್ಲಿದ್ದದ್ದು ಹಾಯಿ ಕಾಲದ ನಕ್ಷೆಗಳು. ಮರಳ ದಿಬ್ಬ ವರ್ಷವರ್ಷವೂ ಜಾಗ ಬದಲಿಸುತ್ತದೆ. ನಕ್ಷೆ ಬದಲಿಸುವವರು ಯಾರೂ ಇಲ್ಲ.

ಟೇಲರ್ ಸುಮ್ಮನೆ ಕುಳಿತವನಲ್ಲ. ಜೇಮ್ಸ್ ಹಾರ್ಸ್‌ಬರ್ಗ್ ಎಂಬ ಹಿಂದಿನ ತಲೆಮಾರಿನ ನಾವಿಕ ಬರೆದಿಟ್ಟ, ಪೂರ್ವ ಸಮುದ್ರಗಳ ಕಪ್ತಾನರೆಲ್ಲ ಪಂಚಾಂಗದಂತೆ ನಂಬಿದ್ದ ದಾರಿಪುಸ್ತಕವನ್ನು ಅವನು ಹೊಸ ಕಾಲಕ್ಕೆ ತಿದ್ದಿ ಬರೆದ; 'ಇಂಡಿಯಾ ಡೈರೆಕ್ಟರಿ' ಎಂದು 1874ರಲ್ಲಿ ಹೊರಬಂತು. ಸರ್ವೆ ಮತ್ತೆ ಶುರುವಾಗಬೇಕೆಂದು ಒತ್ತಾಯ ಹೇರುತ್ತ ಬಂದವರಲ್ಲಿ ಇಂಡಿಯಾ ಆಫೀಸಿನ ಭೂಗೋಳ ವಿಭಾಗ ನೋಡುತ್ತಿದ್ದ ಕ್ಲೆಮೆಂಟ್ಸ್ ಮಾರ್ಕಮ್ ಕೂಡ ಒಬ್ಬ. ಕೊನೆಗೆ 1874ರಲ್ಲಿ ಕಲ್ಕತ್ತೆಯಲ್ಲಿ ಮರೀನ್ ಸರ್ವೆ ಇಲಾಖೆ ತೆರೆದು ಅದರ ಮೊದಲ ಮುಖ್ಯಸ್ಥನಾಗಿ ಕಮಾಂಡರ್ ಟೇಲರ್‌ನನ್ನು ಕೂರಿಸಿದರು. ಹಡಗುಕಟ್ಟೆ ಮುಂಬಯಿಯಲ್ಲಿ, ಅಳೆಯುವ ಕಚೇರಿ ಹೂಗ್ಲಿಯ ದಂಡೆಯಲ್ಲಿ. ರಾಜಧಾನಿ ಎಲ್ಲಿದೆಯೋ ಕಡತವೂ ಅಲ್ಲೇ ಇರಬೇಕಲ್ಲ! ಸರ್ವೆಗೆಂದೇ ಕಟ್ಟಿಸಿದ 'ಇನ್ವೆಸ್ಟಿಗೇಟರ್' ಹಡಗು 1881ರಲ್ಲಿ ನೀರಿಗಿಳಿದದ್ದು ಮಾತ್ರ ಮುಂಬಯಿ ಡಾಕ್‌ಯಾರ್ಡಿನಿಂದಲೇ. ಮರುವರ್ಷ ಟೇಲರ್ ನಿವೃತ್ತನಾದ. ಇಂದು ಡೆಹ್ರಾಡೂನಿನಲ್ಲಿರುವ ಭಾರತೀಯ ನೌಕಾಪಡೆಯ ಹೈಡ್ರೋಗ್ರಫಿ ಕಚೇರಿ ತನ್ನ ವಂಶಾವಳಿಯನ್ನು ಎಣಿಸುವುದು ಆ 1874ರಿಂದ.

ಇನ್ನೊಂದು ಸಂಗತಿ. ರಾಮೇಶ್ವರದ ಬಳಿ ನೆಲ ಕಡಿದು ಹಡಗು ದಾಟಿಸುವ ಕಾಲುವೆಯ ಪ್ರಸ್ತಾವವನ್ನು 1860ರಲ್ಲಿ ಮುಂದಿಟ್ಟವನೂ ಇದೇ ಟೇಲರ್. ಸೇತುಸಮುದ್ರಂ ಎಂದು ನಾವು ಕೇಳುತ್ತ ಬಂದ ಯೋಜನೆಯ ಮೂಲ ಅಲ್ಲಿದೆ. ಅದಕ್ಕೆ ಕೆಲಸ ಆರಂಭವಾದದ್ದು 2005ರ ಜುಲೈ 2ರಂದು. ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಸಿಕ್ಕಿಕೊಂಡದ್ದು ಎಲ್ಲರಿಗೂ ಗೊತ್ತು.

ಕಾರವಾರಕ್ಕೆ ಹಡಗು ಬರಲಿಲ್ಲ, ಆದರೆ ಮುಂಬಯಿ ಪ್ರಾಂತದ ಅಧಿಕಾರಿಗಳು ಬಂದರು. ಐಸಿಎಸ್ ಆದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರ್ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದುದರಿಂದಲೇ ಕಾರವಾರಕ್ಕೆ ಜಿಲ್ಲಾ ನ್ಯಾಯಾಧೀಶರಾಗಿ ಬಂದದ್ದು. ಅವರ ಮನೆಗೆ ಬಂದ ತಮ್ಮ ರವೀಂದ್ರನಾಥ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಆ ಕಡಲ ದಂಡೆಯಲ್ಲಿ. ಇಲ್ಲಿಂದ ಹೋದವರ ಸಂಖ್ಯೆ ಇನ್ನೂ ದೊಡ್ಡದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಹುಡುಗರಿಗೆ ಮೆಟ್ರಿಕ್ ಪರೀಕ್ಷೆ ಮುಂಬಯಿಯದು, ವಿಶ್ವವಿದ್ಯಾಲಯ ಮುಂಬಯಿಯದು, ಸರ್ಕಾರಿ ನೌಕರಿಯ ದಾರಿಯೂ ಮುಂಬಯಿಯದು. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಆಗಬೋಟು ಹತ್ತಿದರೆ ಘಟ್ಟ ಹತ್ತುವ ತ್ರಾಸವೂ ಇಲ್ಲ. ಮಂಗಳೂರು, ಉಡುಪಿಯವರು ಮದ್ರಾಸ್ ಪ್ರಾಂತದಲ್ಲಿದ್ದೂ ಹೋಟೆಲು ಹಿಡಿದು ಮುಂಬಯಿಗೆ ಬಂದರು ಎಂಬುದು ನಿಜ. ವಲಸೆಯನ್ನೆಲ್ಲ ಗಡಿಗೆ ಕಟ್ಟಲಾಗದು. ಆದರೂ ಉತ್ತರ ಕನ್ನಡದ ಗುಮಾಸ್ತ, ಮಾಸ್ತರ, ವಕೀಲ ಮುಂಬಯಿಯನ್ನು ಪರಊರು ಎಂದುಕೊಳ್ಳಲಿಲ್ಲ, ಅದು ಅವನ ರಾಜಧಾನಿ. ಹನೇಹಳ್ಳಿಯ ಯಶವಂತ ಚಿತ್ತಾಲರ ಕಥೆಗಳಲ್ಲಿ ಹಳ್ಳಿ ಮತ್ತು ಮುಂಬಯಿ ಪಕ್ಕದ ಓಣಿಗಳಂತೆ ಇರುವುದಕ್ಕೂ ಈ ಇತಿಹಾಸ ಒಂದು ಹಿನ್ನೆಲೆ. ಗಿರಗಾಂವ್, ದಾದರ್‌ಗಳಲ್ಲಿ ಬಿಡಾರ ಹೂಡಿದವರ ಮಕ್ಕಳು ಜಾಗ ಸಾಲದೆ ಮುಲುಂಡ್, ಥಾಣೆ, ಡೊಂಬಿವಲಿ, ಕಲ್ಯಾಣ್ ಎಂದು ಹಳಿಯಗುಂಟ ಹೊರಗೆ ಸರಿದರು. ಆಮೇಲೆ ಖಾಡಿ ದಾಟಿ ವಾಶಿ, ನೆರೂಲಿಗೆ.

ಮುಂಬಯಿ ಬಂದರಿಗೂ ಒಂದು ದಿನ ಜಾಗ ಸಾಲದಾಯಿತು. ಆಗಲೂ ಹೊಸ ಬಂದರು ದಕ್ಷಿಣಕ್ಕೆ ಬರಲಿಲ್ಲ, ಖಾಡಿಯ ಆಚೆ ದಂಡೆಗೆ ಹಾರಿತು: ನವಿಮುಂಬಯಿಗೆ ತಾಗಿದ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು 1989ರ ಮೇ 26ರಂದು ಶುರುವಾಯಿತು. ಅಲ್ಲಿಂದ ಕಂಟೇನರ್ ಹೊತ್ತ ಗೂಡ್ಸ್ ಗಾಡಿಗಳಿಗೆ ಘಟ್ಟ ಹತ್ತಲು ಬರ್ಕ್ಲಿಯ ಕಾಲದ ಎರಡು ಘಾಟುಗಳೂ ತಯಾರಿದ್ದವು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯ ಜೊತೆ, 1990ರ ದಶಕದಲ್ಲಿ. 1998ರಲ್ಲಿ ಪೂರ್ತಿ ತೆರೆದ ಆ ಹಳಿ ಕರಾವಳಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣ ಓಡುತ್ತದೆ. ಥಾಣೆ, ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತಿದವನು ಊರಿಗೆ ಹೋಗಿ ಬರಲು ಅದು ಬಹಳ ಅನುಕೂಲ. ಹುಬ್ಬಳ್ಳಿಯ ಸರಕು ಕಾರವಾರಕ್ಕೆ ಇಳಿಯಲು ಅದರಿಂದ ಏನೂ ಆಗದು. ಅದಕ್ಕೆ ಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ ದಶಕಗಳಿಂದ ನಿಂತಿದೆ. ಕಾಡು ಉಳಿಯಬೇಕೆನ್ನುವವರ ಮಾತಿನಲ್ಲೂ ಹುರುಳಿದೆ. ಈಗಿನ ಲೆಕ್ಕ 1862ರ ಲೆಕ್ಕವಲ್ಲ.

ಕಾರವಾರದ ಆಳಕ್ಕೆ ಕೊನೆಗೂ ಗಿರಾಕಿ ಸಿಕ್ಕಿದ್ದು ನೌಕಾಪಡೆಯ ರೂಪದಲ್ಲಿ. ಮುಂಬಯಿಯಲ್ಲಿ ಯುದ್ಧನೌಕೆಗಳು ಸರಕು ಹಡಗುಗಳ ನಡುವೆ ಉಸಿರುಗಟ್ಟಿದ್ದವು. ಮುಂಬಯಿ–ಕೊಚ್ಚಿಗಳ ನಡುವೆ ಆಳವೂ ಗುಡ್ಡದ ಮರೆಯೂ ಇರುವ ತಾಣ ಬೇಕಿತ್ತು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಕಾರವಾರದ ತೆಂಕಣಕ್ಕೆ ಅರಗಾದಲ್ಲಿ 'ಸೀಬರ್ಡ್' ಯೋಜನೆಗೆ ಅಡಿಗಲ್ಲು ಹಾಕಿದರು. ಸುತ್ತಲಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಂಡೆ ಬಿಟ್ಟು ಎದ್ದವು. ಪರಿಹಾರದ ಜಗಳ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು, ಸೇತುಸಮುದ್ರಂ ಉದ್ಘಾಟನೆಗೆ ತಿಂಗಳಷ್ಟೇ ಮೊದಲು. ಟೇಲರ್‌ನ ಎರಡು ಹಳೆಯ ಕನಸುಗಳಿಗೆ ಒಂದೇ ವರ್ಷದಲ್ಲಿ ಮುಹೂರ್ತ ಕೂಡಿಬಂದದ್ದನ್ನು ಆಗ ಯಾರೂ ಗಮನಿಸಿದಂತಿಲ್ಲ. ವಿಮಾನವಾಹಕ ನೌಕೆ ನಿಲ್ಲಲು ಆಳ, ಆಸರೆ, ಮರೆ ಇವು ಬೇಕು. ಹತ್ತಿಯ ಅಂಡಿಗೆ, ಘಟ್ಟದ ರೈಲು, ಗದಗಿನ ಮಾರುಕಟ್ಟೆ ಯಾವುದೂ ಬೇಡ.